ಕೀಲಿ ಇಲ್ಲದ ಅರವಟ್ಟಿಗೆ

ಗುಡಗೇರಿ ಮಠದ ಮಾಳಿಗೆಯ ಮೇಲಿನ ಮೈಕಿನ ಹಾರ್ನು ಸಾಮಾನ್ಯವಾಗಿ ದೇವರ ಪರವಾಗಿ ಮಾತಾಡುತ್ತದೆ. ಅವತ್ತು ಸಂಜೆ ಮಾತ್ರ ಅದು ಸಂಗನಬಸವನ ಪರವಾಗಿ ಮಾತಾಡಿತು, ಅದೂ ಅವನಿಗೆ ಗೊತ್ತಿಲ್ಲದಂತೆ.

"ಯಕ್ಕಾ, ನಿನ್ನ ಭಜನಿ ಮ್ಯಾಳದ ಹಣೇಬಾರ ಏನ್ ಕೇಳ್ತಿ? ಹಾಡೂದು ಪಾವ ಕಿಲೋ, ಕೆಮ್ಮೂದು ಒಂದು ಕಿಲೋ. ಶಂಕ್ರಪ್ಪಜ್ಜ ಪೇಟಿ ಬಾರಸಾಕತ್ತಾನೋ, ಪೇಟಿನ ಶಂಕ್ರಪ್ಪಜ್ಜನ್ನ ಬಾರಸಾಕತ್ತೈತೋ, ಅದ ತಿಳಿವಲ್ದು."

ಬ್ಯಾಂಕಿನ ಶಟರ್ ಎಳೆಯುತ್ತಿದ್ದ ನಾನು ಹಾಗೇ ನಿಂತೆ. ಎದುರಿನ ಕಾಳಿನ ಅಂಗಡಿಯಲ್ಲಿ ತೂಗುತ್ತಿದ್ದವರ ಕೈ ತಕ್ಕಡಿಯಲ್ಲೇ ಉಳಿಯಿತು. ಸಂಗನಬಸವ ಮಠದ ಹಿಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದ ಅಕ್ಕನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ. ಮೈಕ್‌ಸೆಟ್ಟಿನ ಗುಲಾಮಹುಸೇನ ಅಷ್ಟರಲ್ಲಿ ಲ್ಯಾಪ್‌ಟಾಪಿನ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಊರಿಗೆ ಉಪಕಾರ ಮಾಡಿದ್ದ.

ಹಾರ್ನಿನಿಂದ ಈಗ ಒಂದು ಹೆಣ್ಣುದನಿ ನಕ್ಕಿತು. ನಗು ಕೆಮ್ಮಾಯಿತು, ಕೆಮ್ಮು ತಿರುಗಿ ನಗುವಾಯಿತು. "ಸಾವಕಾಶ ಮಾತಾಡ್ಲೇ ಸಂಗ್ಯಾ. ಅಜ್ಜ ಕೇಳಿಸಿಕೊಂಡಾನು."

ಮಠದೊಳಗೆ ಹಾರ್ಮೋನಿಯಂ ಪೇಟಿಯ ಹಿಂದೆ ಕೂತಿದ್ದ ಶಂಕ್ರಪ್ಪಜ್ಜ ಏಳದೆಯೇ ಮೈಕಿನೊಳಗೆ ಬಾಗಿ ಹೇಳಿದ: "ಕೇಳೇನವ್ವಾ ಮಹಾದೇವಕ್ಕಾ. ನಾ ಒಬ್ಬನ ಅಲ್ಲ, ಸ್ಟೇಷನ್ ಮಾಸ್ತರನೂ ಕೇಳ್ಯಾನ."

ಹೆಡ್‌ಫೋನನ್ನು ಕೊರಳಿಗೆ ಇಳಿಬಿಟ್ಟುಕೊಂಡು ಸಂಗನಬಸವ ಹೊರಗೆ ಬಂದಾಗ ಅವನ ಮುಖ ಕೆಂಪು ಮೆಣಸಿನಕಾಯಿಯನ್ನು ನಾಚಿಸುವಂತಿತ್ತು. ಆದರೆ ಯಾರೂ ಬೈಯಲಿಲ್ಲ. ಮಹಾದೇವಕ್ಕನ ನಗುವನ್ನು ಗುಡಗೇರಿ ಕೇಳಿ ಬಹಳ ದಿನವಾಗಿತ್ತು. ಅದನ್ನು ಕೇಳಿಸಿದ ತಪ್ಪಿಗೆ ಶಿಕ್ಷೆ ಕೊಡುವುದು ಯಾರಿಗೂ ಸರಿ ಅನ್ನಿಸಲಿಲ್ಲ.

ಸಂಗನಬಸವನಿಗೆ ವಯಸ್ಸು ನಲವತ್ತರ ಆಚೆ ಈಚೆ. ಗುಡಗೇರಿಗೂ ಸುತ್ತಲಿನ ಹಳ್ಳಿಗಳಿಗೂ ಇಂಟರ್ನೆಟ್ ವೈರು ಎಳೆಯುವುದು, ಮಂಗ ಹರಿದದ್ದನ್ನು ಜೋಡಿಸುವುದು, ಮಂದಿ ಹರಿದದ್ದನ್ನು ಮಂಗನ ಹೆಸರಿಗೆ ಬರೆಯುವುದು ಅವನ ಉದ್ಯೋಗ. ಹುಬ್ಬಳ್ಳಿಯಿಂದ ದಿನಾ ರೈಲಿನಲ್ಲಿ ಬಂದು ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆಗೂ ಅವನೇ ನೆಟ್ಟಿನ ಡಾಕ್ಟರು. "ಸರ್ವರ್ ಡೌನಾದ್ರ ಸರ್ವರೂ ಡೌನ್ರಿ ಸಾಹೇಬ್ರ" ಎನ್ನುತ್ತ ಏಣಿ ಹತ್ತುತ್ತಿದ್ದ. ಈ ಶ್ಲೇಷೆ ನನ್ನದು ಎಂದು ಅವನು, ಅವನದು ಎಂದು ನಾನು ಇಲ್ಲಿಯವರೆಗೂ ಹೇಳುತ್ತ ಬಂದಿದ್ದೇವೆ. ಹೊಣೆ ಇಬ್ಬರಿಗೂ ಬೇಡ.

ಮಹಾದೇವಕ್ಕ ಅವನಿಗಿಂತ ಬಹಳ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ತಮ್ಮನಿಗೆ ಅವಳೇ ತಾಯಿ. ತಿರ್ಲಾಪುರಕ್ಕೆ ಮದುವೆಯಾಗಿ ಹೋದವಳು ಗಂಡ ತೀರಿದ ಮೇಲೆ ತಿರುಗಿ ಬಂದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಅವನನ್ನು ಡಿಪ್ಲೊಮಾ ಮುಗಿಸುವ ತನಕ ಓದಿಸಿದಳು. ರೊಟ್ಟಿ ಬಿಟ್ಟರೆ ಅವಳಿಗೆ ಎರಡೇ ಹುಚ್ಚು. ಸಂಜೆ ಮಠದ ಭಜನೆ. ಬೇಸಿಗೆಯಲ್ಲಿ ರೈಲ್ವೆ ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಬುಡಕ್ಕೆ ನೀರಿನ ಅರವಟ್ಟಿಗೆ. ಹಸಿ ಅರಿವೆ ಸುತ್ತಿದ ಮಣ್ಣಿನ ಹರವಿಗಳನ್ನು ಉಸುಕಿನ ಮೇಲೆ ಕೂರಿಸಿ, ತಮ್ಮನ ಕೈಯಲ್ಲಿ ಕೊಡ ಹೊರಿಸಿ ತುಂಬಿಸುತ್ತಿದ್ದಳು. ಕುಡಿಯುವವರನ್ನು ಯಾವ ಊರು, ಯಾವ ಮನೆತನ ಎಂದು ಕೇಳಬಾರದು. ಅದು ಅರವಟ್ಟಿಗೆಯ ಧರ್ಮ. ಅಲ್ಲಿ ಕುಡಿಯದವನು ನಾನೊಬ್ಬನೇ ಇರಬೇಕು. ಕಾನ್ವೆಂಟಿನ ಸಿಸ್ಟರುಗಳು ನನಗೆ ಬೈಬಲ್ಲಿಗಿಂತ ಕುದಿಸಿದ ನೀರಿನ ಪಾಠವನ್ನೇ ಗಟ್ಟಿಯಾಗಿ ಕಲಿಸಿದ್ದರು. ಹೆಗಲಚೀಲದಲ್ಲಿ ಬಾಟಲಿ ಇಟ್ಟುಕೊಂಡು ಆ ಹರವಿಗಳಿಗೆ ದೂರದಿಂದಲೇ ಶರಣು ಹೇಳಿ ದಾಟುತ್ತಿದ್ದೆ.

ಇನ್ನು ಭಜನೆ. ಗುಡಗೇರಿಯ ಮೇಳಕ್ಕೆ ಒಂದು ಕಟ್ಟುಪಾಡಿದೆ. ಪದ ಎತ್ತುವವರು ಒಬ್ಬರೇ; ಅವರು ಎತ್ತಿದ ಮೇಲೆ ಉಳಿದವರು ಸೊಲ್ಲು ಹಿಡಿಯಬೇಕು. ಎತ್ತುವವರು ಎತ್ತುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ, ಕೆಮ್ಮು ಬಂದರೂ ಟವೆಲ್ಲಿನೊಳಗೆ. ಮೊಬೈಲುಗಳೆಲ್ಲ ಬಂದ್ ಆಗಿ ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಮಲಗಬೇಕು. ಪದ ಎತ್ತುವವಳು ಮಹಾದೇವಕ್ಕ. ಎತ್ತುವ ಮೊದಲು, ರೊಟ್ಟಿ ಬಡಿದು ಬಡಿದು ಚಪ್ಪಟೆಯಾದ ಆ ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟುತ್ತಿದ್ದಳು. ಆ ಎರಡು ಪೆಟ್ಟು ಬಿದ್ದರೆ ಪೇಟಿ, ತಾಳ, ದಮ್ಮಡಿ ಎಲ್ಲ ಎದ್ದು ಕೂತವು ಎಂದು ಅರ್ಥ.

ಹೋದ ಮಳೆಗಾಲ ಮುಗಿಯುವಾಗ ಅವಳ ಮೈಮೇಲೆ ಹೊಡೆಸಿಕೊಳ್ಳದೆಯೇ ನೀಲಿ ಕಲೆಗಳು ಬಿದ್ದವು. ರಕ್ತದ ಕ್ಯಾನ್ಸರ್ ಎಂದರು. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಾಜಿನ ಕೋಣೆಯೊಳಗೆ ಮಲಗಿಸಿದರು. ಸೋಂಕು ತಗುಲಬಾರದೆಂದು ಒಳಗೆ ಯಾರಿಗೂ ಪ್ರವೇಶವಿಲ್ಲ. ಅಷ್ಟು ಕೆಳಗೆ ಮೊಬೈಲಿಗೆ ಸಿಗ್ನಲ್ಲಿಲ್ಲ. ಆಸ್ಪತ್ರೆಯ ವೈಫೈ ಇತ್ತು, ಆದರೆ ಅದರಲ್ಲಿ ಯಾವ ಕರೆಯೂ ಹೋಗುತ್ತಿರಲಿಲ್ಲ. ಮಹಾದೇವಕ್ಕ ಗಾಜಿನ ಆಚೆಯಿಂದ ತಮ್ಮನಿಗೆ ಒಂದೇ ಸನ್ನೆ ಮಾಡಿದಳಂತೆ: ಕಿವಿ ಮುಟ್ಟಿಕೊಂಡು, ಆಮೇಲೆ ಹಾಸಿಗೆಯ ಅಂಚನ್ನು ಎರಡು ಸಲ ತಟ್ಟಿದಳು.

"ಫೈರ್‌ವಾಲ್ ಐತ್ರಿ" ಎಂದ ಸಂಗನಬಸವ, ಬ್ಯಾಂಕಿನಲ್ಲಿ ನನ್ನ ಟೇಬಲ್ಲಿನ ಕೆಳಗೆ ತಲೆ ಹಾಕಿ ವೈರು ಹುಡುಕುತ್ತ.

"ಅಂದರ ಬೆಂಕಿ ಗೋಡಿ?" ನನ್ನ ಇಂಗ್ಲಿಷು ನನ್ನನ್ನು ಅಷ್ಟಕ್ಕೇ ಒಯ್ಯುತ್ತದೆ.

"ಬೆಂಕೀನೂ ಇಲ್ಲ, ಗೋಡೀನೂ ಇಲ್ರಿ. ವಾಚ್‌ಮನ್ ಅದಾನ. ಒಳಗಿನವರು ಹೊರಗ ಹೋದ್ರ ಬಿಡ್ತಾನ, ಹೊರಗಿನವರು ಒಳಗ ಬಂದ್ರ ಬಿಡಂಗಿಲ್ಲ. ಮಠದ ನೆಟ್ಟಿನ ಬಾಗಲಕ್ಕೂ ಅಂಥಾವನ ಒಬ್ಬ. ಅಕ್ಕ ಇಲ್ಲಿಗೆ ಬರಂಗಿಲ್ಲ, ನಾವು ಅಲ್ಲಿಗೆ ಹೋಗಂಗಿಲ್ಲ."

"ಮತ್ತ?"

"ಇಬ್ಬರೂ ಮನಿ ಬಿಟ್ಟು ಹೊರಗ ಬಂದು ಒಂದು ಕಟ್ಟಿ ಮ್ಯಾಲೆ ಕುಂತ್ರ ಮಾತಾಡಬೌದಲ್ರಿ? ಆ ಕಟ್ಟಿ ನಾ ಕಟ್ಟತೇನಿ."

ಕಟ್ಟಿದ. ಮುಂಬೈಯಲ್ಲಿ ಎಲ್ಲೋ ಇರುವ ಬಾಡಿಗೆ ಕಂಪ್ಯೂಟರೊಂದರಲ್ಲಿ ರಿಲೇ ಸರ್ವರ್ ಕೂರಿಸಿದ. ಈ ಕಡೆಯ ದನಿ ಅಲ್ಲಿಗೆ ಹೋಗುವುದು, ಅಲ್ಲಿಂದ ಅದು ಆ ಕಡೆಗೆ ದಾಟುವುದು. ಮೊದಲು ಒಂದೂ ಮಾತು ದಾಟಲಿಲ್ಲ. ಆಸ್ಪತ್ರೆಯ ವಾಚ್‌ಮನ್ ಇದ್ದ ಬಾಗಿಲುಗಳನ್ನೆಲ್ಲ ಮುಚ್ಚಿ, ವೆಬ್‌ಸೈಟು ನೋಡುವವರಿಗೆಂದು ಒಂದನ್ನು ಮಾತ್ರ ತೆರೆದಿಟ್ಟಿದ್ದ. ಸಂಗನಬಸವ ತನ್ನ ಕಟ್ಟೆಯನ್ನು ಕಿತ್ತು ಆ ಬಾಗಿಲಿನ ನೇರಕ್ಕೇ ತಂದು ಹಾಕಿದ. ಊಟದ ಹೊತ್ತಿನಲ್ಲಿ ನಮ್ಮ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪಿನ ಜೊತೆ ಜಗಳಾಡುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೇನೆ. ಕೊನೆಗೆ ವಾರ್ಡಿನ ಡಾಕ್ಟರನ್ನು ಕೇಳಿಕೊಂಡ. ಅವರು "ಗದ್ದಲ ಆಗದಿದ್ರ ಸಾಕು" ಎಂದರು. ನರ್ಸ್ ರೂಬಿನಾ ಒಂದು ಹಳೆಯ ಫೋನನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಳಗೆ ಒಯ್ದು ಮಹಾದೇವಕ್ಕನ ದಿಂಬಿನ ಪಕ್ಕ ಇಟ್ಟಳು. ಹಾರ್ನಿನಲ್ಲಿ ಅವನ ಮಾನ ಹೋದದ್ದು ಆ ಮೊದಲ ಸಂಜೆಯೇ.

ಅಲ್ಲಿಂದ ಮುಂದೆ ದಿನಾ ಸಂಜೆ ಹುಬ್ಬಳ್ಳಿಯ ನೆಲಮಾಳಿಗೆಯಲ್ಲಿ ಸ್ಟೀಲಿನ ತಟ್ಟೆಯ ಮೇಲೆ ಎರಡು ಪೆಟ್ಟು ಬೀಳುತ್ತಿತ್ತು, ಗುಡಗೇರಿಯಲ್ಲಿ ಪೇಟಿ ಬಾಯಿ ತೆರೆಯುತ್ತಿತ್ತು. ದನಿ ಸ್ವಲ್ಪ ತಡವಾಗಿ ಬರುತ್ತಿತ್ತು. "ಅಕ್ಕ ಮುಂದ, ನಾವು ಹಿಂದ. ಮೊದಲೂ ಹಂಗ ಇತ್ತು ಬಿಡು" ಎಂದು ಶಂಕ್ರಪ್ಪಜ್ಜ ಅದಕ್ಕೂ ತಾಳ ಹೊಂದಿಸಿಕೊಂಡ.

ಈಗ ಒಂದು ಸಾಲಿನ ವಿಷಯ. ಇಂಥ ಕಟ್ಟೆಯ ಮೇಲೆ ಕೂರಲು ಬರುವವರು ಹೆಸರು, ಪಾಸ್‌ವರ್ಡು ಹೇಳಬೇಕು ಎಂದು ಸೆಟ್ಟಿಂಗಿನಲ್ಲಿ ಒಂದು ಸಾಲು ಇರುತ್ತದಂತೆ. ಸಂಗನಬಸವ ಅದನ್ನು ತೆಗೆದುಹಾಕಿದ್ದ. ಪಾಳಿ ಬದಲಾಗಿ ಬರುವ ನರ್ಸುಗಳಿಗೆ ತೊಡಕಾಗುತ್ತದೆ ಎಂಬುದು ಅವನು ಹೇಳುತ್ತಿದ್ದ ಕಾರಣ. ಇನ್ನೊಂದು ಕಾರಣವನ್ನು ಗುಲಾಮಹುಸೇನ ಹೊರಗೆ ತೆಗೆಸಿದ.

ಒಂದು ಮಧ್ಯಾಹ್ನ ಅವನ ಮೈಕ್‌ಸೆಟ್ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ಸರ್ವರಿನ ಮೇಲೆ ಎಷ್ಟು ಸಾಗಾಟ ನಡೆದಿದೆ ಎಂದು ತೋರಿಸುವ ಗೆರೆ ಏಳುತ್ತ ಬೀಳುತ್ತ ಇತ್ತು.

"ಈಗೇನ್ ಭಜನಿ ಇಲ್ಲ, ಮತ್ತ ಇದ್ಯಾಕ ಕುಣ್ಯಾಕತ್ತೈತಿ?" ಎಂದ ಗುಲಾಮಹುಸೇನ.

"ಯಾರೋ ಹೊರಗಿನವರು. ದಾರಿ ಹೋಕರು. ನೀರು ಕುಡ್ಯಾಕ ಬಂದಾರ, ಕುಡೀಲಿ ಬಿಡು."

"ಕುಡದು ಹೋಗ್ತಾರೋ, ಹರವಿನ ಹೊತ್ಕೊಂಡು ಹೋಗ್ತಾರೋ? ನನ್ನ ಮೈಕಿಗೆ ನಾ ಕೀಲಿ ಹಾಕತೇನಿ. ನೀ ನಿನ್ನ ಸರ್ವರಿಗೆ ಹಾಕಲೇ ಧಡ್ಡ."

ಸಂಗನಬಸವನಿಗೆ ಸಿಟ್ಟು ಬಂತು. "ನಮ್ಮಕ್ಕ ಎಂದರ ಅರವಟಿಗಿಗೆ ಕೀಲಿ ಹಾಕ್ಯಾಳೇನಲೇ? ಅಕಿ ಸಲುವಾಗಿ ಕಟ್ಟಿದ್ದಕ್ಕ ಕೀಲಿ ಹಾಕಿ, ಅಕೀಗೆ ಹೆಂಗ ಮಾರಿ ತೋರಸ್ಲಿ?"

ಆ ಬೇವಿನ ಗಿಡದ ಕೆಳಗೆ ಗುಲಾಮಹುಸೇನ ಚಿಕ್ಕಂದಿನಿಂದ ನೀರು ಕುಡಿದವನು. ತನ್ನ ಮೈಕಿನ ಕೆಲಸಕ್ಕೆ ತಿರುಗಿದ. ನನ್ನ ಮುಂದೆ ಈ ಮಾತು ಬಂದಾಗ ನಾನೂ "ಸರ್ವರ್ ಅಂದಮ್ಯಾಲೆ ಸರ್ವರದೂ" ಎಂದು ನಕ್ಕೆ. ಶ್ಲೇಷೆಗಳು ಹೀಗೆ, ಕರೆಯದಿದ್ದರೂ ಬರುತ್ತವೆ.

ಪುಷ್ಯದ ಬನದ ಹುಣ್ಣಿಮೆ ಕಳೆದ ಮೇಲೆ ಡಾಕ್ಟರು ಸಂಗನಬಸವನನ್ನು ಕರೆದು ಹೇಳಿದರು: ಶ್ವಾಸಕೋಶದಲ್ಲಿ ನೀರು ತುಂಬಿದೆ, ನಾಳೆ ಮುಂಜಾನೆ ಗಂಟಲೊಳಗೆ ನಳಿಗೆ ಇಳಿಸಬೇಕು. ಇಳಿಸಿದ ಮೇಲೆ ದನಿ ಇರುವುದಿಲ್ಲ. ತಿರುಗಿ ತೆಗೆಯುವ ಕಾಲ ಬರುತ್ತದೆ ಎಂದು ಹೇಳಲಾರೆ. ರೂಬಿನಾ ಇದನ್ನು ಮಹಾದೇವಕ್ಕನಿಗೆ ಮುಚ್ಚುಮರೆ ಇಲ್ಲದೆ ತಿಳಿಸಿದಳು, ಹಾಗೆ ಕೇಳಿದ್ದು ಮಹಾದೇವಕ್ಕನೇ. "ಹಂಗಾರ ಇವತ್ತು ನಾನ ಎತ್ತತೇನಿ ಅಂತ ಹೇಳವ್ವಾ. ಎಲ್ಲಾರೂ ಬರ್ಲಿ" ಎಂದಳಂತೆ.

ಎಲ್ಲರೂ ಬಂದರು. ಆ ಸಂಜೆಯ ಸಂಗತಿ ನನಗೆ ಗೊತ್ತಾದದ್ದು ಗುಲಾಮಹುಸೇನನಿಂದ. ನಾನು ಆಗಲೇ ರೈಲು ಹತ್ತಿದ್ದೆ. ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣ್ಣುಮಕ್ಕಳು ಹೊರಗಿನ ಕಟ್ಟೆಯ ಮೇಲೂ ಕೂತಿದ್ದರು. ಮೊಬೈಲುಗಳು ಬುಟ್ಟಿ ಸೇರಿದವು. ಸಂಗನಬಸವ ಕರೆ ಹಚ್ಚಿದ, ಪರದೆಯ ಮೇಲೆ ಹಸಿರು ಚುಕ್ಕೆ ಮೂಡಿತು. ಶಂಕ್ರಪ್ಪಜ್ಜ ಮೈಕಿಗೆ ಹೇಳಿದ: "ಅಕ್ಕಾ, ಕುಂತೇವಿ. ಎತ್ತವ್ವಾ."

ಆಮೇಲೆ ಕಟ್ಟುಪಾಡಿನಂತೆ ಎಲ್ಲರೂ ಸುಮ್ಮನಾದರು.

ಹಾರ್ನಿನಿಂದ ಏನೂ ಬರಲಿಲ್ಲ. ದಮ್ಮು ಹತ್ತಿರಬೇಕು, ಸುಧಾರಿಸಿಕೊಳ್ಳಲಿ ಎಂದು ಕಾದರು. ಒಂದು ಊದಿನಕಡ್ಡಿ ಉರಿದು ಬೂದಿಯಾಯಿತು. ಅಳು ಬಂದಿರಬೇಕು, ಅಳಲಿ ಎಂದು ಕಾದರು. ಇನ್ನೊಂದು ಕಡ್ಡಿ ಹಚ್ಚಿದರು. ಸಂಗನಬಸವ ಹಸಿರು ಚುಕ್ಕೆಯನ್ನು ನೋಡುತ್ತ ಕೂತಿದ್ದ. ಹಸಿರು ಇರುವ ತನಕ ಅಕ್ಕ ಇದ್ದಾಳೆ ಎಂದೇ ಅವನ ನಂಬಿಕೆ. ಯಾರಾದರೂ ಒಬ್ಬರು "ಅಕ್ಕಾ, ಕೇಳತೈತೇನ?" ಎಂದು ತಿರುಗಿ ಕೇಳಿದ್ದರೂ ಉತ್ತರವಿಲ್ಲದ್ದು ತಿಳಿಯುತ್ತಿತ್ತು. ಆದರೆ ಎತ್ತುವವಳನ್ನು ಅವಸರ ಮಾಡುವುದೇ? ಅದೂ ಆ ಸಂಜೆ? ಆ ಮೇಳದಲ್ಲಿ ಅಂಥ ಅಪಚಾರ ಮಾಡುವವರು ಯಾರೂ ಇರಲಿಲ್ಲ. ಕೆಮ್ಮುವ ಶಂಕ್ರಪ್ಪಜ್ಜ ಕೂಡ ಅವತ್ತು ಕೆಮ್ಮಲಿಲ್ಲವಂತೆ.

ಎರಡನೆಯ ಕಡ್ಡಿಯೂ ಮುಗಿಯುವಾಗ ಗುಲಾಮಹುಸೇನ ಗೋಡೆಯ ಗುಂಟ ಹಿಂದಿನ ಕೋಣೆಗೆ ಹೋಗಿ ಸಂಗನಬಸವನ ಹೆಗಲು ಮುಟ್ಟಿದ. ಆಗ ಸಂಗನಬಸವ ಸರ್ವರಿನ ಪರದೆ ತೆರೆದ. ಏಳುತ್ತ ಬೀಳುತ್ತ ಇದ್ದ ಗೆರೆ ಈಗ ಏಳುವುದು ಬೀಳುವುದನ್ನು ಬಿಟ್ಟು ನೆತ್ತಿಗೆ ತಾಗಿ ನಿಂತಿತ್ತು. ಯಾವ ಯಾವ ದೇಶದವರೋ, ತೆರೆದ ಬಾಗಿಲು ಹುಡುಕಿಕೊಂಡು ತಿರುಗುವ ಯಂತ್ರಗಳೋ, ದಾರಿ ಹೋಕರೆಲ್ಲ ಬಂದು ಗುಡಗೇರಿಯ ಸಂತೆಯಂತೆ ತುಂಬಿಕೊಂಡಿದ್ದರು. ಕರೆ ಹತ್ತಿದೆ ಎಂದು ಹೇಳುವ ಹಸಿರು ಚುಕ್ಕೆಗೆ ಸಾಲುವಷ್ಟು ಜಾಗ ಉಳಿದಿತ್ತು. ಒಂದು ಮುದುಕಿಯ ದನಿ ನುಸುಳುವಷ್ಟು ಉಳಿದಿರಲಿಲ್ಲ.

ಅವನು ಬುಟ್ಟಿಗೆ ಓಡಿ ತನ್ನ ಫೋನು ತೆರೆದ. ರೂಬಿನಾಳ ಕರೆಗಳು ಮೇಲಿಂದ ಮೇಲೆ ಬಂದು ಹೋಗಿದ್ದ ಸಂದೇಶಗಳಿದ್ದವು. ಸಿಗ್ನಲ್ ಸಿಗುವ ಮೆಟ್ಟಿಲಿಗೂ ವಾರ್ಡಿಗೂ ಅವಳು ಹತ್ತಿ ಇಳಿದು ಸೋತಿದ್ದಳು.

"ಅಕ್ಕಾರು ತಟ್ಟಿದ್ರು ಅಣ್ಣಾ" ಎಂದಳು ರೂಬಿನಾ, ಅವನು ತಿರುಗಿ ಕರೆ ಮಾಡಿದಾಗ. "ಪದಾನೂ ಎತ್ತಿದ್ರು. ಯಾರೂ ಸೊಲ್ಲು ಹಿಡೀಲಿಲ್ಲ. ಮತ್ತ ತಟ್ಟಿ ಮತ್ತ ಎತ್ತಿದ್ರು. ನಾ ಅಂದೆ, ಲೈನು ಕೆಟ್ಟಿರಬೇಕ್ರಿ ಅಂತ. ಅವರು ಚುಕ್ಕಿ ತೋರಿಸಿದ್ರು. ಹಸರ ಐತಲ್ಲವ್ವಾ, ನಮ್ಮ ಸಂಗ್ಯಾ ಹಚ್ಚಿದ್ದು ಕೆಡಂಗಿಲ್ಲ ಅಂದ್ರು."

"ಆಮ್ಯಾಲೆ?"

"ಸಿಟ್ಟಾಗ್ಯಾರೇನವ್ವಾ, ನಾ ಯಾರಿಗೇನ ಅಂದೇನಿ, ಅಂತ ಕೇಳಿದ್ರು. ಆಮ್ಯಾಲೆ ಗೋಡಿ ಕಡೆ ಮಾರಿ ಮಾಡಿ ಮಲಗಿದ್ರು. ಈಗ ನಾ ಮಾತಾಡಿಸಿದ್ರೂ ಮಾತಾಡವಲ್ರು."

ಸಂಗನಬಸವ ನಿಂತಲ್ಲೇ ಸರ್ವರಿಗೆ ಹೆಸರು ಕೇಳುವ ಆ ಒಂದು ಸಾಲನ್ನು ತಿರುಗಿ ಬರೆದ. ಸಂತೆ ಒಮ್ಮೆಲೇ ಖಾಲಿಯಾಯಿತು. ಆದರೆ ಅಷ್ಟೊತ್ತಿಗೆ ಹುಬ್ಬಳ್ಳಿಯಲ್ಲಿ ಮಹಾದೇವಕ್ಕನ ರಕ್ತದ ಆಮ್ಲಜನಕ ಇಳಿದು, ಡಾಕ್ಟರು ಮುಂಜಾನೆಯ ತನಕ ಕಾಯದೆ ನಳಿಗೆ ಇಳಿಸಿದ್ದರು.

ಮುಂದೆಯೂ ಸಂಜೆಗಳು ಇದ್ದವು. ಲೈನು ಈಗ ಕನ್ನಡಿಯಂತೆ ಸ್ವಚ್ಛವಾಗಿತ್ತು. ಮಠದಲ್ಲಿ ಶಂಕ್ರಪ್ಪಜ್ಜ ಪದ ಎತ್ತುತ್ತಿದ್ದ, ಎಲ್ಲರೂ ಸೊಲ್ಲು ಹಿಡಿಯುತ್ತಿದ್ದರು, ರೂಬಿನಾ ಫೋನನ್ನು ಮಹಾದೇವಕ್ಕನ ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಆ ಕಡೆಯಿಂದ ಬರುತ್ತಿದ್ದದ್ದು ಉಸಿರಿನ ಯಂತ್ರದ ಸಪ್ಪಳ ಮಾತ್ರ. ಸಂಗನಬಸವ ಹೆಡ್‌ಫೋನ್ ಒತ್ತಿಕೊಂಡು ಆ ಸಪ್ಪಳದ ಹಿಂದೆ ಎರಡು ಪೆಟ್ಟು ಕೇಳುತ್ತವೇನೋ ಎಂದು ಹುಡುಕುತ್ತಿದ್ದ. ಕೇಳಲಿಲ್ಲ. ಕೆಲವೇ ದಿನ, ಯಂತ್ರವೂ ನಿಂತಿತು.

ಮಣ್ಣಿಗೆ ನಾನೂ ಹೋಗಿದ್ದೆ. ಹೊಲದಲ್ಲಿ ಕುಣಿ ತೋಡಿದ್ದರು. ಶಂಕ್ರಪ್ಪಜ್ಜ ವಿಭೂತಿ ಹಿಡಿದು ಮಂದಿಗೆ ಸಮಾಧಾನ ಹೇಳುವವನಂತೆ ಅಂದ: "ಕಡೀಕ ಆಕಿ ಪದ ಎತ್ತಲಿಲ್ಲ. ದಮ್ಮು ಸಾಲಲಿಲ್ಲ, ಪಾಪ."

ಸಂಗನಬಸವ ತಲೆ ಎತ್ತದೆ ಹೇಳಿದ: "ಎತ್ತಿದ್ಲು ಅಜ್ಜಾ. ನಾವ ಹಿಡೀಲಿಲ್ಲ."

ಶಂಕ್ರಪ್ಪಜ್ಜನ ಕೈಯಲ್ಲಿದ್ದ ವಿಭೂತಿ ಅಲ್ಲೇ ಉದುರಿತು. ಮಣ್ಣು ಕೊಡುವಾಗ ಹಾಡಬೇಕಾದ ಪದ ಯಾರ ಬಾಯಿಂದಲೂ ಬರಲಿಲ್ಲ. ಬರೀ ತಾಳ ಬಾರಿಸಿಕೊಂಡು ತಿರುಗಿ ಬಂದರು. ಗುಲಾಮಹುಸೇನ ಆ ವಾರ ಹಾರ್ನನ್ನು ಮಠದ ಮಾಳಿಗೆಯಿಂದ ಇಳಿಸಿ ಅಂಗಡಿಯಲ್ಲಿ ಬೋರಲು ಹಾಕಿದ. "ರಿಪೇರಿಗೆ" ಎಂದ. ಕೆಟ್ಟಿದ್ದೇನು ಎಂದು ಯಾರೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಒಂದು ದಿನ ನನ್ನ ರೈಲು ದಾರಿಯಲ್ಲಿ ಎಲ್ಲೋ ನಿಂತು ನಿಂತು, ಗುಡಗೇರಿ ಮುಟ್ಟುವಷ್ಟರಲ್ಲಿ ಬಾಟಲಿ ಬರಿದಾಗಿತ್ತು, ಗಂಟಲು ಅದಕ್ಕಿಂತ ಬರಿದು. ಸ್ಟೇಷನ್ನಿನ ಹೊರಗೆ ಬೇವಿನ ಗಿಡದ ಕೆಳಗೆ ಅದೇ ಹರವಿಗಳು, ಅದೇ ಹಸಿ ಅರಿವೆ. ಸಂಗನಬಸವ ಬೆನ್ನು ಮಾಡಿ ಕೊಡದಿಂದ ನೀರು ಸುರಿಯುತ್ತಿದ್ದ. ಕೂದಲು ಕೆಲವೇ ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಕಾನ್ವೆಂಟಿನ ಸಿಸ್ಟರುಗಳ ಕ್ಷಮೆ ಕೋರಿ, ಹರವಿಯ ಮುಚ್ಚಳದ ಮೇಲಿನ ಸ್ಟೀಲಿನ ಗ್ಲಾಸಿನಲ್ಲಿ ನೀರು ತುಂಬಿಕೊಂಡು ನೆರಳಿನ ಕಡೆ ತಿರುಗಿದೆ. ಗ್ಲಾಸು ನನ್ನ ಜೊತೆ ಬರಲಿಲ್ಲ. ಝಲ್ಲೆಂದು ಹಿಂದಕ್ಕೆ ಜಗ್ಗಿತು, ನೀರೆಲ್ಲ ಅಂಗಿಯ ಮೇಲೆ.

ನೋಡಿದರೆ ಗ್ಲಾಸಿನ ಕಂಠಕ್ಕೆ ತೂತು ಕೊರೆದು ಕಬ್ಬಿಣದ ಸಣ್ಣ ಸರಪಳಿ ಹಾಕಿತ್ತು. ಸರಪಳಿಯ ಇನ್ನೊಂದು ತುದಿ ಗಿಡದ ಬೇರಿಗೆ ಬಿಗಿದಿತ್ತು. ಅದಕ್ಕೊಂದು ಕೀಲಿ ಬೇರೆ.

ಒಂದು ತಪ್ಪು ಮನುಷ್ಯನನ್ನು ಎಲ್ಲಿಯ ತನಕ ತಂದಿತಲ್ಲ ಎನ್ನಿಸಿತು. ಅಂಗಿ ಒರೆಸಿಕೊಳ್ಳುತ್ತ, ಆದಷ್ಟು ಮೆತ್ತಗೆ ಕೇಳಿದೆ: "ಸಂಗನಬಸವಾ, ಸರ್ವರಿಗೆ ಕೀಲಿ ಹಾಕಿದಿ, ಅದು ಸರಿ. ಅಕ್ಕನ ಅರವಟಿಗಿಗೂ ಹಾಕಬೇಕಿತ್ತೇನಪಾ?"

ಅವನು ಕೊಡ ಕೆಳಗಿಟ್ಟ. ದಿನಾ ಕೈಗೆ ತಾಗುವ ಸರಪಳಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ನಾ ಹಾಕಿದ್ದಲ್ರಿ ಸಾಹೇಬ್ರ" ಎಂದ. "ಅಕ್ಕನ ಹಾಕಿದ್ದು, ಅರವಟಿಗಿ ಇಟ್ಟ ವರ್ಷಾನ. ಮಂದಿ ಗ್ಲಾಸ್ ಒಯ್ತಾರಂತ."